ಬಣ್ಣ ನಿಲ್ಲುವ ಹನಿ

ಕಾಯುವ ಕೆಲಸ ನನ್ನಿಂದಾಗದು. ಬಸ್ಸು ನಿಲ್ಲುವ ಮೊದಲೇ ಇಳಿಯುತ್ತೇನೆ, ಕಾಫಿ ಆರುವ ಮೊದಲೇ ಕುಡಿದು ನಾಲಿಗೆ ಸುಟ್ಟುಕೊಳ್ಳುತ್ತೇನೆ. ಇಂಥವನು ಒಂದೇ ಒಂದು ಹನಿಗಾಗಿ ಹತ್ತು ವರ್ಷ ಕಾದೆ ಅಂದರೆ ನಮ್ಮಮ್ಮನೂ ನಂಬುವುದಿಲ್ಲ. ಹೈಸ್ಕೂಲಿನಲ್ಲಿ ಲ್ಯಾಬಿನ ಬೀಗ ತೆಗೆಯುತ್ತಿದ್ದುದು ಹತ್ತನೆಯವರಿಗೆ ಮಾತ್ರ. ನಾನು ಒಂಬತ್ತರಲ್ಲೇ ಎರಡು ಸಲ ಡುಮ್ಕಿ ಹೊಡೆದವನು. ಕಿಟಕಿಯ ಸರಳು ಹಿಡಿದು ನೋಡುತ್ತಿದ್ದೆ: ಒಳಗೊಬ್ಬ ಗಾಜಿನ ಕೊಳವೆಯಿಂದ ನೀರಿನಂಥದ್ದನ್ನು ನೀರಿನಂಥದ್ದಕ್ಕೆ ತೊಟ್ಟಿಕ್ಕಿಸುತ್ತಿದ್ದ, ಇದ್ದಕ್ಕಿದ್ದಂತೆ ಎಲ್ಲ ಗುಲಾಬಿ! ಮೇಷ್ಟ್ರು, "ಇದು ನಿಮಗಲ್ಲ ಕಣ್ರೋ, ಹೋಗ್ರೋ ಆಚೆ!" ಎಂದು ಗದರಿದರು. ಹೋದೆ. ಶಾಲೆ ಬಿಟ್ಟೇ ಹೋದೆ. ಆ ಗುಲಾಬಿ ಮಾತ್ರ ನನ್ನನ್ನು ಬಿಡಲಿಲ್ಲ.

ಈಗ ಪೀಣ್ಯದ ಒಂದು ಪ್ಲೇಟಿಂಗ್ ಶೆಡ್ಡಿನಲ್ಲಿ ಕೆಲಸ. ಸೈಕಲ್ ಹ್ಯಾಂಡಲ್‌ಗಳನ್ನು ಆಸಿಡ್ ತೊಟ್ಟಿಯಲ್ಲಿ ಮುಳುಗಿಸಿ, ತುಕ್ಕು ಬಿಡಿಸಿ, ನಿಕ್ಕಲ್ ಹತ್ತಿಸುತ್ತೇವೆ. ಆಸಿಡ್ ಖಾರವಾಗಿದೆಯೋ ಸತ್ತಿದೆಯೋ ಎಂಬುದನ್ನು ಹಳೆಯ ಕೆಲಸಗಾರ ಮುನಿರಾಜಣ್ಣ ಮೂಗಿನಿಂದಲೇ ಹೇಳುತ್ತಾನೆ. ಕೆಮ್ಮು ಬಂದರೆ ಖಾರ. ಅದನ್ನೇ ಜಾಲಹಳ್ಳಿಯಿಂದ ಬರುವ ಶಾರದಾ ಮೇಡಂ ಮೂಲೆಯ ಲ್ಯಾಬಿನಲ್ಲಿ ಗಾಜಿನ ಕೊಳವೆಯಿಂದ ಅಳೆಯುತ್ತಾರೆ. ಅಲ್ಲಿ ಆ ಗುಲಾಬಿ ಮತ್ತೆ ಕಂಡ ದಿನ ನನ್ನ ಕೈಯಿಂದ ಹ್ಯಾಂಡಲ್ ಜಾರಿತು. ಕಲಿಸಿ ಮೇಡಂ, ಎಂದು ಮೂರು ತಿಂಗಳು ಅವರ ಬೆನ್ನು ಬಿದ್ದೆ. ಕೊನೆಗೊಂದು ದಿನ ಕರೆದು ತೋರಿಸಿದರು.

"ಫ್ಲಾಸ್ಕಲ್ಲಿ ಆಸಿಡ್ ಇದೆ, ಬಣ್ಣ ತೋರ್ಸೋ ಮದ್ದು ಎರಡು ಹನಿ ಹಾಕಿದೀನಿ. ಮೇಲಿಂದ ಬೀಳೋದು ಕ್ಷಾರ. ಒಂದೊಂದು ಹನೀನೂ ಒಂದಿಷ್ಟು ಆಸಿಡ್ ಮುಗಿಸ್ತಾ ಹೋಗತ್ತೆ. ಎಲ್ಲಾ ಮುಗಿದ್ಮೇಲೆ ಬಿದ್ದ ಹನಿಗೆ ಕೆಲಸ ಇರಲ್ಲ, ಆಗ ಬಣ್ಣ ನಿಲ್ಲತ್ತೆ. ಎಷ್ಟು ಕ್ಷಾರ ಖರ್ಚಾಯ್ತು ಅಂತ ನೋಡಿದ್ರೆ ಎಷ್ಟು ಆಸಿಡ್ ಇತ್ತು ಅಂತ ಗೊತ್ತಾಗತ್ತೆ. ಇಷ್ಟೇ."

ಇಷ್ಟೇನಾ!

ಮೇಡಂ ಎರಡು ದಿನ ರಜೆ ಹಾಕಿದರು. "ನೀನೇ ಅಳತೆ ನೋಡು. ಸರಿಯಾಗ್ ಮಾಡಿದ್ರೆ ತೊಟ್ಟಿ ಬಿಡ್ಸಿ ಲ್ಯಾಬಿಗೇ ಹಾಕ್ಸ್ತೀನಿ" ಎಂದರು. ಗುಲಾಬಿಯೇನೋ ಬಂತು. ಆದರೆ ಪ್ಲೇಟಿಂಗಿನವನ ಕಣ್ಣಿಗೆ ಬಣ್ಣ ಗಟ್ಟಿಯಾದಷ್ಟೂ ಮಾಲು ಒಳ್ಳೆಯದು. ಇನ್ನಷ್ಟು ಬಿಟ್ಟೆ, ಬೀಟ್‌ರೂಟ್ ಬೇಯಿಸಿದ ನೀರಿನಂತಾಯಿತು. ಅಷ್ಟೊಂದು ಕ್ಷಾರ ಹೋದದ್ದಕ್ಕೆ ಆಸಿಡ್ ಬೇಕಾದಷ್ಟಿದೆ ಎಂದುಕೊಂಡು ತೊಟ್ಟಿಗೆ ಹೊಸದು ಸುರಿಯಲಿಲ್ಲ. ಸತ್ತ ಆಸಿಡ್ಡಿನಲ್ಲಿ ತುಕ್ಕು ಬಿಡಲಿಲ್ಲ; ಅದರ ಮೇಲೆಯೇ ಹತ್ತಿದ ನಿಕ್ಕಲ್ ಮರುದಿನ ಈರುಳ್ಳಿ ಸಿಪ್ಪೆಯಂತೆ ಎದ್ದು ಬಂತು.

"ನನ್ ಮೂಗ್ನಾದ್ರೂ ಒಂದ್ ಮಾತು ಕೇಳ್ಬಾರ್ದಿತ್ತಾ ಮಗಾ?" ಎಂದ ಮುನಿರಾಜಣ್ಣ.

ರಜೆ ಮುಗಿಸಿ ಬಂದ ಮೇಡಂ ಬೈಯಲಿಲ್ಲ. ಅದೇ ಕಷ್ಟವಾಯಿತು. "ಇನ್ನೊಂದೇ ಸಲ. ಬಣ್ಣ ಕಂಡೂ ಕಾಣದ ಹಾಗಿರ್ಬೇಕು. ನಿಂತ ತಕ್ಷಣ ಕೊಳವೆ ಅಳತೆ ಬರ್ಕೋ, ಆಮೇಲೆ ಗಾಳಿಗೆ ಹೋಗ್ಬಿಡತ್ತೆ."

ಒಂದು ಹನಿ, ಕುಲುಕಿದೆ, ಮಾಯ. ಇನ್ನೊಂದು, ಮಾಯ. ಕೊನೆಗೆ ತುದಿಯಲ್ಲಿ ನೇತಾಡುತ್ತಿದ್ದ ಅರ್ಧ ಹನಿ ಬಿತ್ತು. ಹಸುಗೂಸಿನ ಉಗುರಿನಷ್ಟು ತೆಳು ಗುಲಾಬಿ ನಿಂತಿತು. ಬರೆದುಕೊಂಡೆ. "ಸರಿಯಾಗಿದೆ. ನಾಳೆಯಿಂದ ಇಲ್ಲಿಗೇ ಬಾ" ಎಂದರು ಮೇಡಂ.

ಅಷ್ಟರಲ್ಲಿ ಮುನಿರಾಜಣ್ಣ ಹೊರಗಿನಿಂದ ಕಿಟಕಿಯ ಸರಳು ಹಿಡಿದು, "ನಂಗೂ ಒಂಚೂರು ತೋರ್ಸೋ ಗುರು" ಎಂದ.

"ಇದು ನಿಮಗಲ್ಲ, ಹೋಗಣ್ಣ ಆಚೆ!"

ನನ್ನ ಬಾಯಿಂದ ಬಂದದ್ದು ಥೇಟ್ ಮೇಷ್ಟ್ರ ದನಿ. ಅಣ್ಣನ ಕೈ ಸರಳು ಬಿಟ್ಟಿತು. ನಾಚಿಕೆಯಿಂದ ಫ್ಲಾಸ್ಕು ಹಿಡಿದು ಬಾಗಿಲಿಗೆ ಓಡಿ ಅವನನ್ನು ಒಳಗೆ ಕರೆದುಕೊಂಡು ಬಂದೆ. ಅಷ್ಟು ಹೊತ್ತಿಗೆ ಅದು ಬರೀ ನೀರಿನಂತಿತ್ತು. ಅಣ್ಣ ಮೂಗು ಹತ್ತಿರ ತಂದು, "ಸತ್ತೋಗೈತೆ ಬಿಡು" ಎಂದ.

"ಇನ್ನೊಂದ್ ಸಲ ಮಾಡ್ತೀನಿ, ಕೂತ್ಕೊ."

"ಎಷ್ಟೊತ್ತಾಯ್ತದೋ?"

"ಸ್ವಲ್ಪ ಕಾಯ್ಬೇಕಣ್ಣ" ಎಂದೆ, ನಾನು.