ರಿಜಿಸ್ಟರ್ಡ್ ಮಾವ

ಭಾನುವಾರ, ೧೨ ಜುಲೈ ೨೦೧೫. ಬರೆಯಲು ಕೂತಾಗ ಸಂಜೆ ನಾಲ್ಕೂ ಇಪ್ಪತ್ತು.

ನನ್ನ ಸೋದರಮಾವನ ಅಂಗಡಿಯಲ್ಲಿ ಔಷಧಿ ಸಿಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಿಗುತ್ತದೆ. ಆದರೆ ಅದು ನಿಮ್ಮ ಕೈಗೆ ಬರುವಷ್ಟರಲ್ಲಿ ಕಾಯಿಲೆ ತಾನಾಗಿಯೇ ವಾಸಿಯಾಗಿರುತ್ತದೆ. ಇದನ್ನು ಮಾವ ತನ್ನ ವೃತ್ತಿಯ ಯಶಸ್ಸು ಎಂದೇ ತಿಳಿದಿದ್ದಾನೆ.

ಮಾವ ದಾವಣಗೆರೆಯಲ್ಲಿ ಡಿ. ಫಾರ್ಮಾ ಓದಿ, ನಾಸಿಕಕ್ಕೆ ಬಂದು, ದೇವಳಾಲಿ ಕ್ಯಾಂಪಿನಲ್ಲಿ ಪುಟ್ಟದೊಂದು ಮೆಡಿಕಲ್ ಅಂಗಡಿ ತೆರೆದು ಇಪ್ಪತ್ತು ವರ್ಷವಾಯಿತು. ಈ ಇಪ್ಪತ್ತು ವರ್ಷವೂ ಅವನು ಎಲ್ಲರ ಹಾಗೆಯೇ ಇದ್ದ. ಚೀಟಿ ತಂದವರಿಗೆ ಔಷಧಿ ಕೊಡುತ್ತಿದ್ದ. ಚೀಟಿ ತರದವರಿಗೆ ಇನ್ನೂ ಬೇಗ ಕೊಡುತ್ತಿದ್ದ, ಡಾಕ್ಟರರ ಅಕ್ಷರ ಓದುವ ಕಷ್ಟ ಇರುತ್ತಿರಲಿಲ್ಲವಲ್ಲ.

ಅವನನ್ನು ಕೆಡಿಸಿದ್ದು ಕಾನೂನು. ಮೊದಲು, ಫಾರ್ಮಸಿಸ್ಟ್ ಖುದ್ದಾಗಿ ಅಂಗಡಿಯಲ್ಲಿ ಇರಲೇಬೇಕು ಎಂದು ಇಲ್ಲಿನ ಅಧಿಕಾರಿಗಳು ಪಟ್ಟು ಹಿಡಿದರು. ಆಮೇಲೆ ಕೆಲವು ಆಂಟಿಬಯಾಟಿಕ್ ಗುಳಿಗೆಗಳ ಪಟ್ಟಿಯ ಮೇಲೆ ಕೆಂಪು ಗೆರೆಯ ಚೌಕ ಬಂತು. ಅವನ್ನು ಯಾರಿಗೆ, ಯಾವ ಡಾಕ್ಟರರ ಚೀಟಿಯ ಮೇಲೆ ಕೊಟ್ಟೆವು ಎಂದು ಬರೆದಿಡಬೇಕಾಯಿತು. ಈ ವರ್ಷದ ಆರಂಭದಲ್ಲಿ ಬಂದ ಹೊಸ ನಿಯಮಗಳಂತೂ ಇನ್ನೂ ಮುಂದೆ ಹೋದವು. ಫಾರ್ಮಸಿಸ್ಟ್ ಬಿಳಿ ಕೋಟು ಹಾಕಬೇಕು, ಎದೆಯ ಮೇಲೆ ಹೆಸರಿನ ಬಿಲ್ಲೆ ಇರಬೇಕು, ಔಷಧಿ ಹೇಗೆ ತೆಗೆದುಕೊಳ್ಳಬೇಕೆಂದು ರೋಗಿಗೆ ತಿಳಿಸಿ ಹೇಳಬೇಕು. ಪೇಟೆಯ ಉಳಿದ ಮೆಡಿಕಲ್‌ನವರು 'ನೋಡೋಣ ಬಿಡ್ರಿ' ಎಂದು ಚಹಾ ಕುಡಿದರು. ಮಾವ ಒಬ್ಬನೇ ಆ ನಿಯಮಗಳನ್ನು, ಯಾರೋ ತನಗೆಂದೇ ಬರೆದ ಪ್ರೇಮಪತ್ರವೋ ಎಂಬಂತೆ, ಮತ್ತೆ ಮತ್ತೆ ಓದಿದ.

ಮರುವಾರವೇ ಮೂರು ಕೋಟು ಹೊಲಿಸಿದ. ಅತ್ತೆ ಹೊಟ್ಟೆ ಉರಿದುಕೊಂಡಳು. "ನಮ್ಮ ಮದುವೆಗೆ ಒಂದು ಕೋಟು ಹೊಲಿಸ್ಕೊಳ್ರಿ ಅಂದಿದ್ದಕ್ಕೆ ಸೆಕೆ ಆಗುತ್ತೆ ಅಂದಿದ್ರಿ."

"ಅದಕ್ಕೆ ಕಾನೂನಿನ ಒತ್ತಾಯ ಇರಲಿಲ್ಲ," ಎಂದ ಮಾವ.

ಕೋಟು ಬಂದ ಮೇಲೆ, ಚಾಕಲೇಟು ಕೇಳಿಕೊಂಡು ಬರುತ್ತಿದ್ದ ಮಕ್ಕಳು ಸೂಜಿ ಚುಚ್ಚುತ್ತಾರೆಂದು ಹೆದರಿ ಅಂಗಡಿಯ ಕಡೆ ತಲೆ ಹಾಕುವುದನ್ನೇ ಬಿಟ್ಟವು. ದೊಡ್ಡವರ ತೊಂದರೆ ಬೇರೆ. 'ಮೆಡಿಕಲ್‌ವಾಲೆ' ಎಂದು ಕರೆದರೆ ಮಾವ ತಿರುಗಿಯೂ ನೋಡುತ್ತಿರಲಿಲ್ಲ. 'ಕಾಂಪೌಂಡರ್' ಎಂದವರಿಗೆ ಬಿಲ್ಲೆ ಮುಟ್ಟಿ ತೋರಿಸಿ, "ರಿಜಿಸ್ಟರ್ಡ್ ಫಾರ್ಮಸಿಸ್ಟ್" ಎಂದು ತಿದ್ದುತ್ತಿದ್ದ. ಒಬ್ಬಾಕೆ ಪಾಪ, ಮರಾಠಿಯಲ್ಲಿ ಅಣ್ಣಾ ಎಂದು ಕರೆಯುವಂತೆ, "ರಿಜಿಸ್ಟರ್ಡ್ ಭಾವೂ, ಒಂದು ಬಾಮ್ ಕೊಡಿ" ಎಂದಳು. ಅವಳಿಗೆ ಬಾಮ್ ತಕ್ಷಣ ಸಿಕ್ಕಿತು.

ನಾನು ಬಿ.ಕಾಂ. ಎರಡನೇ ವರ್ಷ. ರಜೆಗೆ ಮಾವನ ಮನೆಗೆ ಹೋದಾಗ ಅಂಗಡಿಯ ಮೂಲೆಯ ಸ್ಟೂಲಿನಲ್ಲಿ ಕೂತು ಲೆಕ್ಕ ಇಡುವುದು ನನ್ನ ಚಾಳಿ. ಮೇ ತಿಂಗಳ ಒಂದು ಸಂಜೆಯ ಲೆಕ್ಕ ನನ್ನ ದಿನಚರಿಯಲ್ಲಿದೆ: ಬಂದವರು ಹನ್ನೊಂದು, ಔಷಧಿ ಪಡೆದವರು ನಾಲ್ಕು, ಉಪದೇಶ ಪಡೆದವರು ಹನ್ನೊಂದು. ಆ ಹನ್ನೊಂದರಲ್ಲಿ ನಿವೃತ್ತ ಸುಬೇದಾರರೊಬ್ಬರಿದ್ದರು. ಆಂಟಿಬಯಾಟಿಕ್ ಬೇಕೆಂದು ಹಿಂದಿಯಲ್ಲಿ ಅಪ್ಪಣೆ ಮಾಡಿದರು.

"ಚೀಟಿ?" ಎಂದ ಮಾವ.

ಸುಬೇದಾರರು ಮಡಿಕೆ ಹರಿದ ಕಾಗದವೊಂದನ್ನು ಕೊಟ್ಟರು. ಮಾವ ಅದನ್ನು ಬೆಳಕಿಗೆ ಹಿಡಿದ. "ಇದು ಹೋದ ವರ್ಷದ್ದು."

"ನೆಗಡಿ ಅದೇ."

"ಅದೇ ನೆಗಡಿ ಒಂದು ವರ್ಷದಿಂದ ಇದ್ದರೆ ನೀವು ನನ್ನ ಹತ್ತಿರ ಬರಬಾರದು, ದೊಡ್ಡ ಆಸ್ಪತ್ರೆಗೆ ಹೋಗಬೇಕು. ಹೊಸ ನೆಗಡಿ ಆದರೆ ಹೊಸ ಚೀಟಿ ತರಬೇಕು."

"ನಾನು ಎರಡು ಯುದ್ಧ ನೋಡಿದವನು."

"ಆಂಟಿಬಯಾಟಿಕ್ ಯುದ್ಧ ಮಾಡುವುದು ಬ್ಯಾಕ್ಟೀರಿಯಾದ ಜೊತೆ, ಸಾಹೇಬರೇ. ನಿಮ್ಮದು ವೈರಸ್. ಅದು ಬೇರೆ ರೆಜಿಮೆಂಟು."

ಸುಬೇದಾರರು ಎದುರಿನ ಮೆಡಿಕಲ್‌ಗೆ ಹೋಗಿ, ಅರ್ಧ ನಿಮಿಷದಲ್ಲಿ ಪಟ್ಟಿ ಹಿಡಿದುಕೊಂಡು ಹೊರಬಂದು, ಮಾವನಿಗೆ ಕಾಣುವಂತೆ ಅಲ್ಲಾಡಿಸಿ ತೋರಿಸಿ ಹೋದರು. ಎದುರಿನ ಅಂಗಡಿಗೆ ಮಾವನೇ ಗಿರಾಕಿಗಳನ್ನು ಒದಗಿಸಿ ಕೊಡುತ್ತಾನೆ ಎಂದು ಅತ್ತೆ ಹೇಳುವುದು ಸುಳ್ಳೇನಲ್ಲ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಮಾವ ಈ ತಿಳಿವಳಿಕೆ ಹೇಳುವ ಅಧಿಕಾರವನ್ನು ಮನೆಯವರ ಮೇಲೂ ಚಲಾಯಿಸತೊಡಗಿದ. ಏಪ್ರಿಲ್‌ನಲ್ಲಿ ಅಜ್ಜಿ, ಅಂದರೆ ಮಾವನ ತಾಯಿ, ದಾವಣಗೆರೆಯಿಂದ ನಮ್ಮ ಮನೆಗೆ ಬಂದಳು. ನಮ್ಮದು ಔರಂಗಾಬಾದಿನಲ್ಲಿ. ಬಸ್ಸಿನ ಬೋರ್ಡಿನ ಮೇಲೆ ಹಾಗಿರುತ್ತದೆ, ಕಂಡಕ್ಟರ್ ಕೂಗುವುದು ಸಂಭಾಜಿನಗರ ಎಂದು, ಇಳಿಯುವ ಜಾಗ ಒಂದೇ. ಅಪ್ಪನಿಗೆ ಅಲ್ಲಿಗೆ ಬ್ಯಾಂಕಿನ ವರ್ಗವಾಗಿ ಆರು ವರ್ಷ. ಬಂದ ವಾರಕ್ಕೇ ಅಜ್ಜಿಗೆ ಬಿ.ಪಿ. ಇದೆಯೆಂದು ಗೊತ್ತಾಗಿ ಡಾಕ್ಟರರು ಮೂರು ಹೊತ್ತಿಗೆ ಮೂರು ಬಗೆಯ ಗುಳಿಗೆ ಬರೆದರು. ಅಮ್ಮ ಅಜ್ಜಿಯ ಮುಂದೆ ಪಟ್ಟಿಗಳನ್ನು ಹರವಿಕೊಂಡು ಕೂತಿದ್ದಾಗಲೇ ಮಾವನ ಫೋನು ಬಂತು.

"ಅಕ್ಕ, ನೀನು ಏನೂ ಹೇಳಬೇಡ. ಔಷಧಿ ವಿಷಯ ರೋಗಿಗೆ ರಿಜಿಸ್ಟರ್ಡ್ ಫಾರ್ಮಸಿಸ್ಟೇ ಹೇಳಬೇಕು. ಕಂಡಕಂಡವರು ಬಾಯಿ ಹಾಕಿದರೆ ಗೊಂದಲ ಆಗುತ್ತೆ."

"ನಾನು ಕಂಡಕಂಡವಳೇನೋ? ನಿನಗೆ ಅಂಗಿ ಗುಂಡಿ ಹಾಕೋದು ಕಲಿಸಿದವಳು."

"ಅದು ಗುಂಡಿ, ಇದು ಗುಳಿಗೆ. ಫೋನು ಅವ್ವನ ಕೈಗೆ ಕೊಡು."

ಬೆಳಗಿನದನ್ನೂ ರಾತ್ರಿಯದನ್ನೂ ಅಮ್ಮನೇ ಕೈಗಿಡುತ್ತಿದ್ದಳು. ಮಧ್ಯಾಹ್ನ ಅಮ್ಮ ಆಫೀಸಿನಲ್ಲಿ, ಅಪ್ಪ ಬ್ಯಾಂಕಿನಲ್ಲಿ, ನಾನು ಕಾಲೇಜಿನಲ್ಲಿ, ರಜೆ ಬಂದ ಮೇಲೆ ನಾಸಿಕದಲ್ಲಿ. ಅಜ್ಜಿ ಒಬ್ಬಳೇ. ಹಾಗಾಗಿ ಮಧ್ಯಾಹ್ನದ ಆ ಒಂದು ಬಿಳಿ ಪಟ್ಟಿಯ ಗುಳಿಗೆಯ ಸಂಪೂರ್ಣ ಉಸ್ತುವಾರಿಯನ್ನು ಮಾವ ದೇವಳಾಲಿಯಿಂದಲೇ ವಹಿಸಿಕೊಂಡ. ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ತಪ್ಪದೆ ಫೋನು ಮಾಡುತ್ತಿದ್ದ.

ಜೂನ್ ಮೊದಲ ವಾರ ನಾನು ಇನ್ನೂ ನಾಸಿಕದಲ್ಲೇ ಇದ್ದೆ. ಅಮ್ಮ ಫೋನಿನಲ್ಲಿ ಅಳುವ ದನಿಯಲ್ಲಿ ಹೇಳಿದಳು: ಅಜ್ಜಿಗೆ ತಲೆ ಸುತ್ತು ಬಂದು ಬಾಗಿಲಿಗೆ ಒರಗಿ ಕೂತಳಂತೆ. ಬಿ.ಪಿ. ಇಳಿಯುವುದಿರಲಿ, ಏರಿದೆಯಂತೆ. ಇನ್ನೆರಡು ದಿನ ನೋಡಿ ಆಸ್ಪತ್ರೆಗೆ ಸೇರಿಸೋಣ, ಔಷಧಿಯ ಪ್ರಮಾಣ ಹೆಚ್ಚಿಸಬೇಕಾಗಬಹುದು ಎಂದಿದ್ದಾರಂತೆ ಡಾಕ್ಟರರು.

ಮಾವ ನನ್ನ ಕೈಯಿಂದ ಫೋನು ತೆಗೆದುಕೊಂಡು ಎಲ್ಲವನ್ನೂ ಇನ್ನೊಮ್ಮೆ ಕೇಳಿ ಇಟ್ಟ. ಆಮೇಲೆ ತೀರ್ಪು ಕೊಟ್ಟ. "ಔರಂಗಾಬಾದಿನ ಅಂಗಡಿಯವನು ಗುಳಿಗೆ ಬದಲಾಯಿಸಿದ್ದಾನೆ. ಚೀಟಿಯಲ್ಲಿ ಒಂದು, ಕೊಟ್ಟದ್ದು ಇನ್ನೊಂದು."

ಮರುದಿನ ಬೆಳಗಿನ ಎಸ್‌ಟಿ ಬಸ್ಸಿಗೆ ನಾವಿಬ್ಬರೂ ಹೊರಟೆವು. ಮಾವ ಕೋಟಿನಲ್ಲೇ ಬಂದ, ತನಿಖೆಗೆ ತೂಕ ಬರಲೆಂದು. ನಿಫಾಡ್ ದಾಟಿದ ಮೇಲೆ ಬಸ್ಸು ತಿಂಡಿಗೆ ನಿಂತಿತು. ಹೋಟೆಲು ಕುಂದಾಪುರದ ಕಡೆಯವರದು. ಬಿಳಿ ಕೋಟು ಒಳಗೆ ಬಂದದ್ದೇ ತಡ, ಗಲ್ಲೆಯಲ್ಲಿದ್ದ ಯಜಮಾನರು ಎದ್ದು ನಿಂತರು. ಮೇಜು ಎರಡು ಸಲ ಒರೆಸಿದರು. ಕೇಳದೆಯೇ ಇಡ್ಲಿ ಬಂತು, ಸ್ಪೆಷಲ್ ಕಾಫಿ ಬರಲಿದೆ ಎಂಬ ಸುದ್ದಿಯೂ ಬಂತು.

"ಅಡುಗೆಮನೆ ಈಗಷ್ಟೇ ತೊಳೆಸಿದ್ದೇವೆ ಸರ್, ನೋಡ್ತೀರಾ?"

"ಬೇಡ, ನಂಬಿಕೆ ಇದೆ," ಎಂದ ಮಾವ, ಏನೂ ಅರ್ಥವಾಗದೆ.

"ಸರ್ ಕಾರ್ಪೊರೇಷನ್ನಾ, ಜಿಲ್ಲಾ ಪರಿಷತ್ತಾ?"

"ನಾನಾ? ನಾನು ದೇವಳಾಲಿಯಲ್ಲಿ ರಿಜಿಸ್ಟರ್ಡ್ ಫಾರ್ಮಸಿಸ್ಟ್."

ಯಜಮಾನರು ಬಿಲ್ಲೆಯನ್ನು ಹತ್ತಿರದಿಂದ ಓದಿದರು. "ಓ, ಮೆಡಿಕಲ್ಲಾ," ಎಂದು ಉಸಿರು ಬಿಟ್ಟು ಒಳಗೆ ಕೂಗಿದರು, "ಆ ಸ್ಪೆಷಲ್ ಕಾಫಿ ಸಾದಾ ಮಾಡು ಮಾರಾಯಾ."

ಔರಂಗಾಬಾದಿನಲ್ಲಿ ಇಳಿದವನೇ ಮಾವ ಮನೆಗೂ ಹೋಗದೆ ನಮ್ಮ ಬೀದಿಯ ಮೆಡಿಕಲ್‌ಗೆ ನುಗ್ಗಿದ. ಅಂಗಡಿಯ ಮಾಲೀಕ ಎಲೆಯಡಿಕೆ ಮೆಲ್ಲುತ್ತ ಕೂತಿದ್ದ.

"ಫಾರ್ಮಸಿಸ್ಟ್ ಎಲ್ಲಿ?" ಎಂದು ಮಾವ ಮರಾಠಿಯಲ್ಲಿ ಕೇಳಿದ.

ಮಾಲೀಕ ಗೋಡೆಯ ಕಡೆ ಗಲ್ಲ ಎತ್ತಿ ತೋರಿಸಿದ. ಚೌಕಟ್ಟಿನೊಳಗೆ ಸರ್ಟಿಫಿಕೇಟು ಇತ್ತು, ಫೋಟೊ ಸಮೇತ.

"ಮನುಷ್ಯ ಎಲ್ಲಿ ಅಂತ ಕೇಳಿದ್ದು."

"ವಾಳೂಜ್‌ನಲ್ಲಿ. ಕಂಪನಿಯಲ್ಲಿ ಸೂಪರ್‌ವೈಸರ್. ಒಳ್ಳೆಯ ಹುಡುಗ, ದೀಪಾವಳಿಗೆ ಬಂದು ಹೋಗ್ತಾನೆ."

ಮಾವನ ಮುಖ ಆಂಟಿಬಯಾಟಿಕ್ ಪಟ್ಟಿಯ ಮೇಲಿನ ಚೌಕದಷ್ಟು ಕೆಂಪಾಯಿತು. ಅಮ್ಮ ಫೋನಿಗೆ ಕಳಿಸಿದ್ದ ಅಜ್ಜಿಯ ಚೀಟಿಯನ್ನು ಮುಂದೆ ಹಿಡಿದು, ಏನೇನು ಕೊಟ್ಟೆ, ಎಲ್ಲ ಹೊರಗೆ ತೆಗೆ ಎಂದ. ಮಾಲೀಕ ಬಿಲ್ಲು, ಪಟ್ಟಿ ಎಲ್ಲವನ್ನೂ ತೆಗೆದಿಟ್ಟ. ಮಾವ ಕನ್ನಡಕ ಏರಿಸಿ ನೋಡಿದ, ಇಳಿಸಿ ನೋಡಿದ. ಚೀಟಿಯಲ್ಲಿ ಬರೆದದ್ದೇ ಅಕ್ಷರ ತಪ್ಪದೆ ಅಲ್ಲಿತ್ತು. ಗೋಡೆಯ ಮೇಲಿನ ಫೋಟೊ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು.

ಮನೆಗೆ ಬಂದೆವು. ಅಜ್ಜಿ ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಮುಖ ಊದಿತ್ತು. ಮಗನ ಕೋಟು ನೋಡಿ, "ಯಾರಿಗೆ ಏನಾತಪ್ಪ?" ಎಂದು ಗಾಬರಿಯಾದಳು.

"ಅವ್ವ, ಬಿಳಿ ಪಟ್ಟಿ ಗುಳಿಗೆ ತಗೊಳ್ತಾ ಇದೀಯಾ?"

ಅಜ್ಜಿ ದಿಂಬಿನ ಕೆಳಗೆ ಕೈ ಹಾಕಿ ಕರ್ಚೀಫಿನ ಗಂಟು ತೆಗೆದಳು. ಬಿಚ್ಚಿದರೆ, ಅಷ್ಟೂ ಬಿಳಿ ಪಟ್ಟಿಗಳು. ಒಂದು ಗುಳಿಗೆಯೂ ಒಡೆದಿರಲಿಲ್ಲ.

"ನೋಡು, ಜೋಪಾನವಾಗಿ ಇಟ್ಟೀನಿ," ಎಂದಳು.

"ಯಾಕೆ ನುಂಗಲಿಲ್ಲ?"

"ನೀನೇ ಹೇಳಿದ್ದಲ್ಲೇನೋ, ಇದು ದುಬಾರಿ ಗುಳಿಗೆ ಅಂತ. ದಿನಾ ಬೆಳಗಾದ್ರೆ ಫೋನು ಮಾಡಿ, ದುಬಾರಿ ಗುಳಿಗೆ ನೆನಪೈತಾ, ದುಬಾರಿ ಗುಳಿಗೆ ನೆನಪೈತಾ ಅಂತಿದ್ದಿ. ಅಷ್ಟು ದುಬಾರಿದನ್ನ ದಿನಾ ನುಂಗಕ್ಕಾಗುತ್ತಾ? ಜೀವಕ್ಕೆ ತೀರಾ ಕಷ್ಟ ಆದಾಗ ಒಂದು ತಗೊಂಡ್ರಾತು ಅಂತ ಇಟ್ಟೀನಿ."

ಅಮ್ಮ ನನ್ನ ಮುಖ ನೋಡಿದಳು, ನಾನು ಅಮ್ಮನ ಮುಖ ನೋಡಿದೆ. ಮಾವ ಹೇಳಿದ್ದು ದುಬಾರಿ ಅಲ್ಲ, ದುಪಾರಿ. ಮರಾಠಿಯಲ್ಲಿ ದುಪಾರಿ ಎಂದರೆ ಮಧ್ಯಾಹ್ನ. ಇಪ್ಪತ್ತು ವರ್ಷ ಗಿರಾಕಿಗಳಿಗೆ ಸಕಾಳಿ, ದುಪಾರಿ, ರಾತ್ರಿ ಎಂದು ಹೇಳಿ ಹೇಳಿ ಮಾವನ ನಾಲಿಗೆಯಲ್ಲಿ ಮಧ್ಯಾಹ್ನ ಎಂಬ ಪದವೇ ಉಳಿದಿರಲಿಲ್ಲ. ಸ್ವಂತ ತಾಯಿಯ ಜೊತೆ ಕನ್ನಡ ಮಾತಾಡುತ್ತಿದ್ದೇನೆ ಎಂದೇ ಅವನು ನಂಬಿದ್ದ. ಅದನ್ನು ತಿದ್ದಬಹುದಾಗಿದ್ದ ಅಮ್ಮನಿಗೋ ಬಾಯಿ ಹಾಕುವ ಹಕ್ಕಿರಲಿಲ್ಲ.

ಅಜ್ಜಿ ಗಂಟನ್ನು ಮತ್ತೆ ಕಟ್ಟಿ ಮಾವನ ಕೈಗಿಟ್ಟಳು. "ಬೇಕಾದ್ರೆ ತಗೊಂಡು ಹೋಗಿ ಅಂಗಡಿಯಾಗೆ ಇಟ್ಕ. ಹಾಳಾಗಿಲ್ಲ. ನಿನ್ನ ವ್ಯಾಪಾರ ಸರಿಯಾಗಿಲ್ಲಂತೆ, ಬಂದೋರ ಜೊತೆ ಬರೀ ಮಾತಾಡಿ ಕಳಿಸ್ತೀಯಂತೆ. ನಿನ್ನ ಹೆಂಡ್ತಿ ಹೇಳಿದ್ಲು."

ಮಾವ ಗಂಟನ್ನು ಮಂಚದ ಮೇಲಿಟ್ಟ. ಡಾಕ್ಟರರಿಗೆ ಫೋನು ಮಾಡಿ, ತಪ್ಪು ತನ್ನದು ಎಂದು ಎಲ್ಲವನ್ನೂ ತಿಳಿಸಿದ. ಔಷಧಿಯ ಪ್ರಮಾಣ ಹೆಚ್ಚಿಸುವುದು ಬೇಡ, ಇದ್ದದ್ದನ್ನೇ ಸರಿಯಾಗಿ ಕೊಡಿ, ನಾಳೆ ಕರೆತನ್ನಿ ಎಂದರಂತೆ. ಆಮೇಲೆ ಕೋಟು ಕಳಚಿ ಬಾಗಿಲ ಹಿಂದಿನ ಮೊಳೆಗೆ ಹಾಕಿ, ಅಜ್ಜಿಯ ಮಂಚದ ಪಕ್ಕ ನೆಲದ ಮೇಲೆ ಕೂತ.

"ಅವ್ವ, ಮಧ್ಯಾಹ್ನ ನೀನು ಏನೇನು ಮಾಡ್ತೀಯಾ ಹೇಳು."

"ಏನ್ ಮಾಡ್ಲಿ? ಕೂತಿರ್ತೀನಿ."

"ಊಟ?"

"ಒಬ್ಬಳೇ ಉಣ್ಣಕ್ಕೆ ಬ್ಯಾಸರ ಕಣಪ್ಪ. ಇವರೆಲ್ಲ ಬರೋತನಕ ಹಂಗೇ ಇರ್ತೀನಿ."

ಈ ಮಾತು ಅಮ್ಮನಿಗೂ ಗೊತ್ತಿರಲಿಲ್ಲ.

ಒಂದು ತಿಂಗಳಾಯಿತು. ಅಜ್ಜಿಯ ಬಿ.ಪಿ. ಇಳಿದಿದೆ. ದೇವಳಾಲಿಯಲ್ಲಿ ಈಗ ಮಧ್ಯಾಹ್ನ ಒಂದು ಗಂಟೆಗೆ ಹೋದವರಿಗೆ ಔಷಧಿಯೂ ಇಲ್ಲ, ಉಪದೇಶವೂ ಇಲ್ಲ. ಮಾವ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಡಬ್ಬಿ ಬಿಚ್ಚಿ ಊಟ ಮಾಡುತ್ತಿರುತ್ತಾನೆ. ಈ ಕಡೆ ಔರಂಗಾಬಾದಿನಲ್ಲಿ ಅಜ್ಜಿ ತಟ್ಟೆ ಮುಂದಿಟ್ಟುಕೊಂಡು, ಇವತ್ತು ನಿನ್ನ ಹೆಂಡ್ತಿ ಏನು ಪಲ್ಯ ಮಾಡ್ಯಾಳೆ ಎಂದು ಕೇಳುತ್ತ ಉಣ್ಣುತ್ತಾಳೆ. ಊಟವಾದ ಮೇಲೆ ಗುಳಿಗೆ. ನೀರು ಗುಟುಕರಿಸಿದ ಸದ್ದು ಕೇಳುವ ತನಕ ಮಾವ ಫೋನು ಇಡುವುದಿಲ್ಲ. ಆ ಹೊತ್ತಿನಲ್ಲಿ ಗಿರಾಕಿ ಬಂದರೆ, ರಿಜಿಸ್ಟರ್ಡ್ ಫಾರ್ಮಸಿಸ್ಟ್ ಊಟಕ್ಕೆ ತಾಯಿಯ ಮನೆಗೆ ಹೋಗಿದ್ದಾನೆ ಎಂದು ಅವನೇ ಕೈಸನ್ನೆ ಮಾಡುತ್ತಾನಂತೆ.

ಓದುಗರಲ್ಲಿ ಒಂದು ಕೋರಿಕೆ. ಮರಾಠಿಯಲ್ಲಿ ಒಂದು ಅರ್ಥ, ಕನ್ನಡದ ಕಿವಿಗೆ ಇನ್ನೊಂದು ಅರ್ಥ ಕೊಡುವ ಇಂಥ ಪದಗಳು ನಿಮಗೆ ಗೊತ್ತಿದ್ದರೆ ದಯವಿಟ್ಟು ಪತ್ರಿಕೆಯ ವಿಳಾಸಕ್ಕೆ ಬರೆದು ತಿಳಿಸಿ. ಕೇಳಿಕೊಳ್ಳಲು ಹೇಳಿದ್ದು ಮಾವ. ನಮ್ಮ ಕಡೆಯಿಂದ ವರ್ಗವಾಗಿ ಬಂದವರ ತಾಯಂದಿರು ದೇವಳಾಲಿಯಲ್ಲೂ ಇದ್ದಾರಂತೆ. ಅವರಿಗೆ ಇಷ್ಟು ದಿನ ತಾನು ಏನೇನು ಹೇಳಿ ಕಳಿಸಿದ್ದೇನೋ ಎಂದು ಅವನಿಗೆ ಈಗ ನಿದ್ದೆ ಬರುತ್ತಿಲ್ಲ.