ಡಬ್ಬಿಯೊಳಗಿನ ಹಾಜರಿ

ಉದ್ದೇಶವಿಲ್ಲದ ಕೆಲಸಕ್ಕೆ ನಾನು ಕೈ ಹಾಕಿದಾಗಲೆಲ್ಲ ಯಾರಾದರೊಬ್ಬರು ಅದಕ್ಕೊಂದು ಉದ್ದೇಶ ಹುಡುಕಿ ಕೊಡುತ್ತಾರೆ. ಮಣಿಪಾಲದಲ್ಲಿ ಇಪ್ಪತ್ತೆರಡು ವರ್ಷ ಭೌತಶಾಸ್ತ್ರ ಕಲಿಸಿದ ಮೇಲೂ ಇದಕ್ಕೆ ನನ್ನಲ್ಲಿ ವಿವರಣೆ ಇಲ್ಲ. ತೀರ ಈಚಿನ ಉದಾಹರಣೆ ಒಂದು ಡಬ್ಬಿ. ಅದರಿಂದಾಗಿ ಒಬ್ಬ ಹೆಡ್ ಕಾನ್‌ಸ್ಟೇಬಲ್‌ಗೆ ಒಂಬತ್ತು ವರ್ಷ ಕಾದ ಬಡ್ತಿ ಕೈತಪ್ಪುವುದರಲ್ಲಿತ್ತು. ಅಲ್ಲಿಗೆ ಹೋಗುವ ಮೊದಲು ಡಬ್ಬಿಯ ಪರಿಚಯ ಆಗಬೇಕು. ಆದದ್ದನ್ನು ಆದ ಕ್ರಮದಲ್ಲೇ ಹೇಳುತ್ತೇನೆ.

೧. ಹತ್ತು ಮೀಟರ್

ನಮ್ಮ ಕಾಲೇಜಿನ ಗಣಿತದ ಮೇಡಂ ಶಿರ್ವದವರು. ಅವರಿಗೊಂದು ಹವ್ಯಾಸ. ಪ್ರಪಂಚದಾದ್ಯಂತ ಜನ ಡಬ್ಬಿಗಳನ್ನು ಅಡಗಿಸಿಟ್ಟಿದ್ದಾರಂತೆ. ಡಬ್ಬಿ ಇರುವ ಜಾಗದ ಅಕ್ಷಾಂಶ, ರೇಖಾಂಶ ಅಂತರ್ಜಾಲದಲ್ಲಿ ಸಿಗುತ್ತದೆ. ಫೋನ್ ಹಿಡಿದು ಹೋಗಿ ಹುಡುಕಬೇಕು. ಸಿಕ್ಕಿದರೆ ಒಳಗಿನ ಪುಸ್ತಕದಲ್ಲಿ ಹೆಸರು, ದಿನಾಂಕ ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು. ಇದಕ್ಕೆ ಜಿಯೋಕ್ಯಾಶಿಂಗ್ ಎಂದು ಹೆಸರು. ಬಹುಮಾನ ಇಲ್ಲ. ಸುತ್ತಮುತ್ತಲಿನ ಜನರಿಗೆ ತಿಳಿಯಬಾರದು ಎಂಬುದು ಮುಖ್ಯ ನಿಯಮ. ಅಂದರೆ ಇಡೀ ಜಗತ್ತಿಗೆ ಗೊತ್ತಿರಬಹುದು, ಪಕ್ಕದ ಮನೆಯವರಿಗೆ ಮಾತ್ರ ಗೊತ್ತಿರಬಾರದು.

ಕಾಪುವಿನ ಬಂಡೆಯ ಸಂದಿನಲ್ಲಿ ಮೇಡಂ ಇಟ್ಟಿದ್ದ ಡಬ್ಬಿಯನ್ನು ಮೊದಲ ಮಳೆಗಾಲದಲ್ಲೇ ಸಮುದ್ರ ಒಯ್ದಿತ್ತು. ಈಗ ಸ್ವರ್ಣಾ ನದಿಯ ಬದಿಯಲ್ಲಿ, ಓದು ಮುಗಿಸಿ ಹೋದ ಒಬ್ಬ ವಿದೇಶಿ ವಿದ್ಯಾರ್ಥಿ ಬಿಟ್ಟುಹೋದ ಡಬ್ಬಿಯ ಉಸ್ತುವಾರಿ ಅವರಿಗೆ ಬಂದಿತ್ತು. ಉಸ್ತುವಾರಿ ಬಂದಿತ್ತೇ ಹೊರತು ಡಬ್ಬಿ ಕಂಡಿರಲಿಲ್ಲ. ನನಗೆ ಡಾಕ್ಟರು ದಿನಾ ನಡೆಯಲು ಹೇಳಿದ್ದರು. ಹೀಗೆ ಮಳೆ ಬಿಟ್ಟ ಮೇಲಿನ ಒಂದು ಭಾನುವಾರ ಇಬ್ಬರೂ ಹೊಳೆಬದಿಯ ಕಾಲುದಾರಿ ಹಿಡಿದೆವು.

ಫೋನ್ ನಮ್ಮನ್ನು ಒಂದು ಹೊನ್ನೆ ಮರದಿಂದ ಹತ್ತು ಮೀಟರ್ ದೂರಕ್ಕೆ ತಂದು ಕೈಬಿಟ್ಟಿತು. ಉಪಗ್ರಹಗಳ ಸಾಮರ್ಥ್ಯ ಅಷ್ಟೇ. ಉಳಿದದ್ದು ಕೆಸರು, ಬೇರು, ಮುಳ್ಳು.

ನಮ್ಮ ಕಡೆ ಸುಮ್ಮನೆ ಹುಡುಕಲು ಆಗುವುದಿಲ್ಲ. ಐದು ನಿಮಿಷದಲ್ಲಿ, ಹುಲ್ಲು ಕೊಯ್ಯುತ್ತಿದ್ದ ಒಬ್ಬರು ಅಕ್ಕ ಬಂದು ಎಂತ ಬಿದ್ದುಹೋದದ್ದು ಎಂದು ಕೇಳಿದರು. ಮೇಡಂ ನಿಯಮ ನೆನಪಿಸಿಕೊಂಡು ಏನೂ ಇಲ್ಲ ಎಂದರು. ಏನೂ ಇಲ್ಲ ಎಂದರೆ ಚಿನ್ನ ಎಂದೇ ಅರ್ಥ. ಅಕ್ಕ ಕತ್ತಿ ಬದಿಗಿಟ್ಟು ತಾವೂ ಬಗ್ಗಿದರು. ಎದುರಿನ ಗೂಡಂಗಡಿಯ ಕಾಕಾ ಚಹಾದ ಪಾತ್ರೆ ಒಲೆಯಿಂದ ಇಳಿಸಿ ಬಂದರು. ಉಚ್ಚಿಲದ ಬ್ಯಾರಿ, ಗಲ್ಫಿನಲ್ಲಿ ಹದಿನೇಳು ವರ್ಷ ಇದ್ದು ಬಂದವರು. ಚೈನೋ ಬಳೆಯೋ ಎಂದಷ್ಟೇ ಕೇಳಿ ಲುಂಗಿ ಎತ್ತಿ ಕಟ್ಟಿದರು. ಪಕ್ಕದಲ್ಲಿ ಕಾಂಪೌಂಡ್ ಕಟ್ಟುತ್ತಿದ್ದ ಬಾಗಲಕೋಟೆಯ ಮೇಸ್ತ್ರಿ ತನ್ನ ಮೂವರು ಆಳುಗಳನ್ನೂ ಕರೆದುಕೊಂಡು ಬಂದ. ಡಬ್ಬಿ ಸಿಕ್ಕಿದ್ದೂ ಅವನಿಗೇ, ಬೇರಿನ ಪೊಟರೆಯಲ್ಲಿ, ಚಪ್ಪಟೆ ಕಲ್ಲಿನ ಹಿಂದೆ. ಎಂಟು ಜನ ಸುತ್ತ ನಿಂತು ಮುಚ್ಚಳ ತೆಗೆದೆವು. ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಒಂದು ಕೀಚೈನ್, ಪ್ಲಾಸ್ಟಿಕ್ಕಿನ ಡೈನೋಸಾರ್.

ಈಗ ಎಂತ ಮಾಡುವುದು ಎಂದು ಕಾಕಾ ಕೇಳಿದರು. ಸಹಿ ಹಾಕಿ ಇದ್ದಲ್ಲೇ ಇಡುವುದು ಎಂದೆ. ಮೇಸ್ತ್ರಿ ಡಬ್ಬಿಯನ್ನು ನೋಡಿದ, ನನ್ನನ್ನು ನೋಡಿದ.

"ನೀವು ಸಾಲ್ಯಾಗ ಕಲಿಸೋರೇನ್ರಿ?"

ಹೌದು ಎಂದೆ.

"ಅದಕ್ಕ" ಎಂದು ಕರಣೆ ಎತ್ತಿಕೊಂಡು ಹೋದ.

೨. ಗುಟ್ಟು ಕಾಯುವವರು

ಗುಟ್ಟಾಗಿರಬೇಕಾದದ್ದು ಈಗ ಎಂಟು ಜನರಿಗೆ ಗೊತ್ತಾಗಿತ್ತು. ಮೇಡಂ ಎಲ್ಲರಿಂದಲೂ ಮಾತು ತೆಗೆದುಕೊಂಡರು. ಕಾಕಾ ಆ ಮಾತನ್ನು ತೀರ ಗಂಭೀರವಾಗಿ ತೆಗೆದುಕೊಂಡರು. ಮರ ಅವರ ಅಂಗಡಿಯ ಎದುರಿಗೇ ಇತ್ತು. ಡಬ್ಬಿ ಈಗ ಅವರ ಜವಾಬ್ದಾರಿ.

ಮುಂದಿನ ತಿಂಗಳು, ಡಬ್ಬಿ ಹುಡುಕಿಕೊಂಡು ಬಂದವರು ಅಂತರ್ಜಾಲದಲ್ಲಿ ಬರೆದದ್ದನ್ನು ಮೇಡಂ ಓದಿ ಗಾಬರಿಯಾದರು. ಯಾರೇ ಫೋನ್ ಹಿಡಿದು ದಾರಿಯಲ್ಲಿ ಕಾಣಿಸಿಕೊಳ್ಳಲಿ, ಅವರು ಬಾಯಿ ಬಿಡುವ ಮೊದಲೇ ಕಾಕಾ ಅಂಗಡಿಯಿಂದ ಕೈ ತೋರಿಸಿ, ಡಬ್ಬಿ ಅಲ್ಲಿ, ಆ ಕಲ್ಲಿನ ಹಿಂದೆ ಎನ್ನುತ್ತಿದ್ದರು. ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ, ಬೇಕಿದ್ದರೆ ಅರೇಬಿಕ್‌ನಲ್ಲಿ.

ಮೇಡಂ ಹೋಗಿ ತಕರಾರು ಮಾಡಿದರು. ಹುಡುಕುವುದೇ ಆಟ, ತೋರಿಸಬಾರದು ಎಂದರು. ಕಾಕಾ ಒಪ್ಪಲಿಲ್ಲ. ಆ ಬಿಸಿಲಿನಲ್ಲಿ ಬಿಳಿ ಮಕ್ಕಳು ಮುಖ ಕೆಂಪಗೆ ಮಾಡಿಕೊಂಡು ಮರಕ್ಕೆ ಸುತ್ತು ಬರುವಾಗ, ಗೊತ್ತಿದ್ದೂ ಹೇಳದೆ ಕೂರುವುದು ತಮ್ಮಿಂದಾಗದು. ದೇವರು ಮೆಚ್ಚುವ ಕೆಲಸ ಅದಲ್ಲ. ಕೊನೆಗೆ ರಾಜಿಯಾಯಿತು. ಮೊದಲ ಅರ್ಧ ಗಂಟೆ ಅವರು ಬಾಯಿ ಬಿಡಕೂಡದು. ಆ ಅರ್ಧ ಗಂಟೆ ಬಂದವರನ್ನು ಬೆಂಚಿನ ಮೇಲೆ ಕೂರಿಸಿ ಚಹಾ, ಬಿಸಿ ಬಜೆ ಕೊಡುತ್ತಿದ್ದರು. ಗಡಿಯಾರ ನೋಡಿ, ಆಮೇಲೆ ತೋರಿಸುತ್ತಿದ್ದರು.

ಡಿಸೆಂಬರಿನಲ್ಲಿ ಒಬ್ಬ ಜರ್ಮನ್ ವಿದ್ಯಾರ್ಥಿ ಬರೆದ: ಬಹಳ ಸುಲಭ, ಆದರೆ ನಿಧಾನ. ನೀರುಳ್ಳಿ ಬಜೆ ಚೆನ್ನಾಗಿತ್ತು.

೩. ಒಂದು ಇಟ್ಟು ಒಂದು ತೆಗೆ

ಡಬ್ಬಿಯೊಳಗಿನ ಆಟಿಕೆಗೂ ನಿಯಮ ಉಂಟು. ಒಂದು ವಸ್ತು ತೆಗೆದುಕೊಂಡರೆ ಇನ್ನೊಂದು ಇಡಬೇಕು. ಇದನ್ನು ಮೇಡಂ ಹುಲ್ಲು ಕೊಯ್ಯುವ ಅಕ್ಕನಿಗೆ ವಿವರಿಸಿದ್ದರು. ಅಕ್ಕನಿಗೆ ದನದ ಹಟ್ಟಿಯ ಬೀಗದ ಕೈಗೆ ಕೀಚೈನ್ ಬೇಕಿತ್ತು. ತೆಗೆದುಕೊಂಡರು. ನ್ಯಾಯವಾಗಿ ಬೇರೇನಾದರೂ ಇಡಬೇಕಲ್ಲ. ಕೈಯಲ್ಲಿದ್ದದ್ದು ಮಗಳ ಮದುವೆಯ ಕಾಗದಗಳ ಕಟ್ಟು. ಒಂದನ್ನು ಇಟ್ಟರು.

ಮದುವೆ ಪೆರ್ಡೂರಿನಲ್ಲಿ. ಕಾಗದದ ಹಿಂಬದಿಯಲ್ಲಿ ಎಲ್ಲ ಕಾಗದಗಳಲ್ಲಿ ಇರುವಂತೆ, ಖುದ್ದಾಗಿ ಬಂದು ಕರೆದಂತೆಯೇ ಭಾವಿಸಿ ಬರಬೇಕೆಂದು ಇಂಗ್ಲಿಷಿನಲ್ಲೂ ಅಚ್ಚಾಗಿತ್ತು. ನಾವ್ಯಾರೂ ಹಾಗೆ ಭಾವಿಸುವುದಿಲ್ಲ. ಮನೆಗೆ ಬಂದು ಕರೆಯಲಿಲ್ಲವೆಂದು ಹತ್ತು ವರ್ಷ ಮಾತು ಬಿಡುತ್ತೇವೆ. ಡಬ್ಬಿ ಹುಡುಕಿ ಬಂದ ಡಚ್ ದಂಪತಿ ಭಾವಿಸಿದರು. ಬಸ್ಸಿನಲ್ಲಿ ಹೋದರು. ಎರಡನೇ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತ ಫೋಟೋ ಅಂತರ್ಜಾಲಕ್ಕೆ ಬಂತು. ಅವರಿಗೆ ಡಬ್ಬಿಯಿಂದ ಕಾಗದ ಸಿಕ್ಕಿತೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೆಣ್ಣಿನ ಕಡೆಯವರು ಅವರನ್ನು ಗಂಡಿನ ಕಡೆಯವರೆಂದೂ, ಗಂಡಿನ ಕಡೆಯವರು ಹೆಣ್ಣಿನ ಕಡೆಯವರೆಂದೂ ತಿಳಿದು ಪೈಪೋಟಿಯಲ್ಲಿ ಬಡಿಸಿದರಂತೆ. ಹೋಳಿಗೆ ಎಷ್ಟೆಂದು ಲೆಕ್ಕ ಸಿಗಲಿಲ್ಲ ಎಂದು ಗಂಡ ಬರೆದಿದ್ದ.

೪. ನದಿ ಬದಿ ಶಾಂತ

ಆ ಫೋಟೋ ಬಂದ ಮೇಲೆ ಮೇಡಂಗೆ ಡಬ್ಬಿಯಲ್ಲಿ ಇನ್ನೇನೇನು ಉಂಟೋ ಎಂಬ ಭಯ ಹುಟ್ಟಿತು. ಹೋಗಿ ತೆರೆದೆವು. ವಸ್ತುಗಳೆಲ್ಲ ಸರಿಯಾಗಿದ್ದವು. ನೋಟ್‌ಬುಕ್ ಮಾತ್ರ ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಹೊರಗಿನಿಂದ ಬಂದವರ ಸಹಿ ಅಲ್ಲೊಂದು ಇಲ್ಲೊಂದು. ಉಳಿದದ್ದೆಲ್ಲ ಒಂದೇ ಕೈಬರಹ. ದಿನಾಂಕ, ನಾಲ್ಕು ಗಂಟೆ ಹತ್ತು ನಿಮಿಷ, ಒಂದು ನಂಬರ್, ಸಹಿ, ಕೆಳಗೆ "ನದಿ ಬದಿ ಶಾಂತ." ಮರುದಿನವೂ ಅದೇ. ಮೂರು ತಿಂಗಳಿಂದ ಹೆಚ್ಚುಕಮ್ಮಿ ಅದೇ.

ಮೇಡಂಗೆ ಅದು ಅಶಿಸ್ತಾಗಿ ಕಂಡಿತು. ಆಟದಲ್ಲಿ ಒಬ್ಬರು ಒಂದು ಡಬ್ಬಿಗೆ ಒಂದೇ ಸಲ ಸಹಿ ಹಾಕಬೇಕು. ಹಾಗೆಂದು ಕೆಂಪು ಪೆನ್ನಿನಲ್ಲಿ ಬರೆದು ಇಟ್ಟರು. ಮೂರು ದಿನ ಬಿಟ್ಟು ನೋಡಿದರೆ ಕೆಳಗೆ ಉತ್ತರವಿತ್ತು.

"ಮೇಲಿನ ಆದೇಶ ಗಮನಿಸಲಾಗಿದೆ. ಆದರೆ ದಿನಾ ಬರಲು ಠಾಣೆಯ ಆದೇಶವಿರುವುದರಿಂದ ಪಾಲಿಸಲು ಸಾಧ್ಯವಾಗಿರುವುದಿಲ್ಲ."

ನನಗೆ ಅರ್ಥವಾಯಿತು. ಪೊಲೀಸರು ಗಸ್ತು ತಿರುಗುವಾಗ ಗೊತ್ತುಮಾಡಿದ ಜಾಗಗಳಲ್ಲಿ ಒಂದು ಡಬ್ಬಿ, ಅದರೊಳಗೆ ಬೀಟ್ ಪುಸ್ತಕ ಇಟ್ಟಿರುತ್ತಾರೆ; ಬಂದದ್ದಕ್ಕೆ ಸಾಕ್ಷಿಯಾಗಿ ಅದರಲ್ಲಿ ಸಹಿ ಹಾಕಬೇಕು. ಯಾರೋ ನಮ್ಮ ಪುಸ್ತಕದಲ್ಲಿ ಹಾಕುತ್ತಿದ್ದಾರೆ. ಹೋಗಿ ಹೇಳಬೇಕಾದದ್ದು ನನ್ನ ಕೆಲಸ. ಅಷ್ಟರಲ್ಲಿ ಉತ್ತರಪತ್ರಿಕೆಗಳು ಬಂದವು. ಎರಡು ವಾರ ಮುಂದೆ ಹಾಕಿದೆ. ಠಾಣೆಯ ನಿಜವಾದ ಬೀಟ್ ಪುಸ್ತಕವನ್ನು ಆ ಎರಡು ವಾರದಲ್ಲೇ ಸಬ್ ಇನ್ಸ್‌ಪೆಕ್ಟರ್ ತೆರೆದು ನೋಡಿದರು.

೫. ಪಂಪ್‌ಹೌಸಿನ ಗೋಡೆ

ಹೆಡ್ ಕಾನ್‌ಸ್ಟೇಬಲ್ ನಾವು ಹೋದಾಗ ಕಾಕಾನ ಬೆಂಚಿನ ಮೇಲೆ ಕೂತಿದ್ದರು. ದಿನಾ ಸಹಿ ಹಾಕುತ್ತಿದ್ದವರು ಅವರೇ. ಕಾರ್ಕಳದವರು, ನಿವೃತ್ತಿಗೆ ಎರಡು ವರ್ಷ. ನಮ್ಮನ್ನು ಕಂಡು ಎದ್ದು ನಿಂತರು. ಡಬ್ಬಿ ನಮ್ಮದೆಂದು ಕಾಕಾ ಆಗಲೇ ಹೇಳಿದ್ದರು. ಬೈಯುತ್ತಾರೆ ಎಂದುಕೊಂಡೆ. ಜೇಬಿನಿಂದ ಮೆಮೊ ತೆಗೆದು, ಅರ್ಜಿ ಕೊಡುವ ಹಾಗೆ ಎರಡೂ ಕೈಯಲ್ಲಿ ಕೊಟ್ಟರು.

ವಿದ್ಯಾರ್ಥಿಗಳು ಹೊಳೆಗೆ ಇಳಿಯುತ್ತಾರೆಂದು ಠಾಣೆ ಅಲ್ಲೊಂದು ಗಸ್ತಿನ ಹೊಸ ಪಾಯಿಂಟ್ ಮಾಡಿತ್ತು. ಹೊಳೆ ಬದಿಯಲ್ಲಿ ಡಬ್ಬಿ ಉಂಟು, ಪುಸ್ತಕ ಉಂಟು, ಸಹಿ ಹಾಕಿ ಬನ್ನಿ ಎಂದು ಠಾಣೆಯ ಕಡತ ಬರೆಯುವ ರೈಟರ್ ಹೇಳಿದ್ದರು. ಆ ಡಬ್ಬಿ ಇದ್ದದ್ದು ಇನ್ನೂರು ಮೀಟರ್ ಮುಂದೆ, ಪಂಪ್‌ಹೌಸಿನ ಗೋಡೆಯಲ್ಲಿ. ಇವರಿಗೆ ಮೊದಲು ಸಿಕ್ಕಿದ್ದು ನಮ್ಮದು. ನಾಲ್ಕು ತಿಂಗಳ ಮೇಲೆ ಎಸ್‌ಐ ಗೋಡೆಯ ಡಬ್ಬಿ ತೆರೆದಾಗ ಪುಸ್ತಕ ಖಾಲಿ, ಒಳಗೆ ಜೇಡ. ಒಂದು ದಿನವೂ ಗಸ್ತಿಗೆ ಹೋಗಿಲ್ಲ, ಮೂರು ದಿನದಲ್ಲಿ ಉತ್ತರಿಸಿ ಎಂದು ಮೆಮೊ. ಎಎಸ್‌ಐ ಬಡ್ತಿಯ ಪಟ್ಟಿ ಅದೇ ವಾರ ಮೇಲಕ್ಕೆ ಹೋಗುವುದಿತ್ತು.

ಪುಸ್ತಕದಲ್ಲಿ ಜರ್ಮನಿಯವರ, ಹಾಲೆಂಡಿನವರ ಹೆಸರೆಲ್ಲ ಇತ್ತಲ್ಲ, ಸಂಶಯ ಬರಲಿಲ್ಲವೇ ಎಂದು ಕೇಳಿದೆ.

"ಬಂತು ಸರ್. ಆದರೆ ಇಲಾಖೆಯಲ್ಲಿ ನನಗೆ ಅರ್ಥವಾಗದ ಪುಸ್ತಕ ಇದು ಮೊದಲನೆಯದ್ದಲ್ಲ."

೬. ಮೂಲ ಪುಸ್ತಕ

ಮರುದಿನ ನಾನು, ಮೇಡಂ, ಅಂಗಡಿ ಮುಚ್ಚಿ ಕಾಕಾ, ಡಬ್ಬಿ ಸಮೇತ ಠಾಣೆಗೆ ಹೋದೆವು. ಎಸ್‌ಐ ಚಿಕ್ಕ ಪ್ರಾಯದವರು. ಹೆಡ್ ಕಾನ್‌ಸ್ಟೇಬಲ್ ಬಾಗಿಲ ಬಳಿ ಟೊಪ್ಪಿ ಕಂಕುಳಲ್ಲಿಟ್ಟು ನಿಂತಿದ್ದರು. ನಾನು ಆಟ ವಿವರಿಸಿದೆ. ಬಹುಮಾನ ಎಷ್ಟು ಎಂದು ಎಸ್‌ಐ ಕೇಳಿದರು. ಇಲ್ಲ ಎಂದೆ. ಸೇರಲು ಶುಲ್ಕ? ಇಲ್ಲ. ಇನ್ನೊಬ್ಬರನ್ನು ಸೇರಿಸಿದರೆ ಕಮಿಷನ್? ಅದೂ ಇಲ್ಲ. ಹಾಗಾದರೆ ಇದರಲ್ಲಿ ಮೋಸ ಎಲ್ಲಿ ಎಂದು ಅವರು ಪ್ರಾಮಾಣಿಕವಾಗಿ ಹುಡುಕಿದರು.

ಆಮೇಲೆ ಅಸಲು ಪ್ರಶ್ನೆ ಕೇಳಿದರು. ಖಾಸಗಿ ನೋಟ್‌ಬುಕ್ಕಿನಲ್ಲಿ ನಾಲ್ಕು ತಿಂಗಳ ಸಹಿಯನ್ನು ನಿನ್ನೆ ರಾತ್ರಿ ಒಟ್ಟಿಗೆ ಕೂತು ಹಾಕಿಲ್ಲ ಎಂಬುದಕ್ಕೆ ಏನು ಆಧಾರ? ನಾನು ಬಾಗಿಲ ಕಡೆ ತಿರುಗಿದೆ.

"ಓದಿ ನೋಡಿ ಸರ್" ಎಂದರು ಹೆಡ್ ಕಾನ್‌ಸ್ಟೇಬಲ್. ಅವರು ಆಡಿದ್ದು ಅಷ್ಟೇ.

ಎಸ್‌ಐ ಓದಿದರು. ನಾಲ್ವರು ವಿದ್ಯಾರ್ಥಿಗಳು ನೀರಿಗಿಳಿದಿದ್ದು ಮೇಲೆ ಹತ್ತಿಸಿ ಕಳುಹಿಸಿದೆ. ಡಬ್ಬಿಯಲ್ಲಿ ಇರುವೆ, ಒರೆಸಿ ಇಟ್ಟಿದೆ. ನಡುವೆ ಒಂದು ದೊಡ್ಡ ನಮೂದಿತ್ತು. ಅದನ್ನು ಗಟ್ಟಿಯಾಗಿ ಓದಿದರು: "ವಿದೇಶಿ ಪ್ರಜೆಯೊಬ್ಬರು ಮರದ ಸುತ್ತ ಸಂಶಯಾಸ್ಪದವಾಗಿ ತಿರುಗುತ್ತಿದ್ದು, ವಿಚಾರಿಸಲಾಗಿ ಡಬ್ಬಿ ಹುಡುಕುತ್ತಿರುವುದಾಗಿ ತಿಳಿಸಿರುತ್ತಾರೆ. ಸದರಿ ಡಬ್ಬಿಯನ್ನು ತೋರಿಸಿ, ಸಹಿ ಪಡೆದು ಕಳುಹಿಸಲಾಗಿದೆ."

ಮೇಡಂ ಫೋನ್ ತೆಗೆದು ಅದೇ ದಿನಾಂಕದ ಅಂತರ್ಜಾಲದ ಪುಟ ತೋರಿಸಿದರು. ಇನ್ನೊಬ್ಬ ಜರ್ಮನ್ ವಿದ್ಯಾರ್ಥಿ ಬರೆದಿದ್ದ: ಇಲ್ಲಿ ಆಟಕ್ಕೂ ಪೊಲೀಸರು ನೆರವಾಗುತ್ತಾರೆ, ಸಹಿ ಸ್ಪಷ್ಟವಾಗಿಲ್ಲವೆಂದು ಎರಡನೇ ಸಲ ಹಾಕಿಸಿದರು.

ಎಸ್‌ಐ ಪುಟ ತಿರುವುತ್ತಾ ಒಂದು ಕಡೆ ನಿಂತರು. ಮಂತ್ರಿಯೊಬ್ಬರು ಉಡುಪಿಗೆ ಬಂದ ದಿನದ ಸಾಲು ಖಾಲಿ. ಮರುದಿನದ್ದರಲ್ಲಿ, ನಿನ್ನೆ ಬಂದೋಬಸ್ತ್ ಇದ್ದುದರಿಂದ ಬರಲಾಗಲಿಲ್ಲ ಎಂದಿತ್ತು. ಅವರು ಉಳಿದ ಪಾಯಿಂಟ್‌ಗಳ ಪುಸ್ತಕಗಳನ್ನು ತರಿಸಿದರು. ಇಡೀ ಠಾಣೆ ಬಂದೋಬಸ್ತಿನಲ್ಲಿದ್ದ ಆ ದಿನ, ಉಳಿದ ಆರೂ ಪುಸ್ತಕಗಳಲ್ಲಿ ನಾಲ್ಕು ಗಂಟೆಗೆ ಸರಿಯಾಗಿ ಸಹಿ ಇತ್ತು. ತಿಂಗಳಿಡೀ ಒಂದೇ ಶಾಯಿ, ಒಂದೇ ಓರೆ. ರೈಟರ್ ಗೋಡೆಯ ಗಡಿಯಾರ ನೋಡತೊಡಗಿದರು.

ಮೆಮೊ ಅಲ್ಲಿಗೆ ಮುಗಿಯಿತು. ನಮ್ಮ ನೋಟ್‌ಬುಕ್ ಕಡತಕ್ಕೆ ಸೇರಿತು. ಪುಸ್ತಕವಿಲ್ಲದೆ ಡಬ್ಬಿ ಆಟಕ್ಕೆ ಬಾರದು ಎಂದು ಮೇಡಂ ಹಠ ಹಿಡಿದದ್ದಕ್ಕೆ ಎಸ್‌ಐ ಕಪಾಟಿನಿಂದ ಹೊಸ ಬೀಟ್ ಪುಸ್ತಕ ಕೊಟ್ಟರು. ಪ್ರತಿ ಪುಟಕ್ಕೂ ಠಾಣೆಯ ಮೊಹರು. ಕ್ರಮಸಂಖ್ಯೆ, ಸಮಯ, ಸಹಿ, ಷರಾ ಎಂದು ಗೆರೆ. ಪಂಪ್‌ಹೌಸಿನ ಡಬ್ಬಿ ರದ್ದಾಯಿತು. ಇನ್ನು ಮೇಲೆ ಪಾಯಿಂಟ್ ಹೊನ್ನೆ ಮರದ ಬುಡ.

ಬಡ್ತಿ ಬಂತು. ನಮ್ಮ ಹೆಡ್ ಕಾನ್‌ಸ್ಟೇಬಲ್ ಈಗ ಎಎಸ್‌ಐ. ಬೇರೆಯವರ ಬೀಟ್ ಪುಸ್ತಕ ತಪಾಸಣೆ ಮಾಡುವುದು ಅವರ ಕೆಲಸಗಳಲ್ಲೊಂದು. ಹೊಳೆಬದಿಯ ಪಾಯಿಂಟ್ ಇನ್ನೊಬ್ಬ ಕಾನ್‌ಸ್ಟೇಬಲ್‌ಗೆ ಹೋಯಿತು. ತಿಂಗಳ ಕೊನೆಗೆ ಎಎಸ್‌ಐ ಬಂದು ಡಬ್ಬಿ ತೆರೆದದ್ದನ್ನು ಕಾಕಾ ನನಗೆ ಹೇಳಿದರು. ಜರ್ಮನಿಯ ಇಬ್ಬರು, ಪೋಲೆಂಡಿನ ಒಬ್ಬಳು, ಕೇರಳದ ಗಂಡಹೆಂಡತಿ, ಎಲ್ಲರೂ ಗೆರೆಯೊಳಗೆ ಸಮಯ ಬರೆದು ಸಹಿ ಹಾಕಿದ್ದರು. ಪೋಲೆಂಡಿನವಳು ಷರಾದಲ್ಲಿ ಎರಡು ಮಿಂಚುಳ್ಳಿ ಕಂಡದ್ದನ್ನೂ ದಾಖಲಿಸಿದ್ದಳು. ಹೊಸ ಕಾನ್‌ಸ್ಟೇಬಲ್‌ನ ಸಹಿ ಮಾತ್ರ ಒಂದೂ ಇರಲಿಲ್ಲ.

ಎಎಸ್‌ಐ ಆ ಹೊಸಬರನ್ನು ಅಲ್ಲಿಗೇ ಕರೆಸಿದರಂತೆ. ದನಿ ಏರಿಸಲಿಲ್ಲವಂತೆ. ಚಹಾ ಹೇಳಿ, ಪುಸ್ತಕ ಬಿಡಿಸಿ ಮುಂದಿಟ್ಟು ಕೇಳಿದರಂತೆ:

"ಇವರೆಲ್ಲ ಜರ್ಮನಿಯಿಂದ ಬಂದು ಪಾಯಿಂಟ್ ನೋಡಿ ಹೋಗಿದ್ದಾರೆ. ಠಾಣೆಯಿಂದ ಬರಲು ನಿಮಗೆ ಎಂತ ಕಷ್ಟ ಮಾರಾಯ್ರೆ?"