ಮೊಹರಿನಡಿ ಸಿಕ್ಕಿದ ಶಂಕು

ಅಕ್ಟೋಬರ್ 14, ಶುಕ್ರವಾರ. ನರೀನ್ ನದಿ ದಂಡೆಯ ನಮ್ಮ ಶಾಲೆ. ಮಹಡಿಯ ತುರ್ತು ಮೆಟ್ಟಿಲು ಕೂರಿಸಿ ನಾಲ್ಕು ದಿನವಾಯಿತು. ತಮ್ಮ ಆದೇಶ ಇಂದು ಬೆಳಿಗ್ಗೆ ತಲುಪಿತು.

ಶಾಲಾ ಕಟ್ಟಡಗಳ ಮೇಲ್ವಿಚಾರಕರೂ ದುಂಡು ಮೊಹರಿನ ಒಡೆಯರೂ ಆದ ಜೊಲ್ದೋಶ್‌ಬೆಕ್ ಅವರಿಗೆ,

ಮಾನ್ಯರೇ, ಇಪ್ಪತ್ತಾರು ವರ್ಷಗಳಿಂದ ಇಲ್ಲಿ ನಕ್ಷೆ ಬರೆಯುವುದನ್ನು ಕಲಿಸುತ್ತಿರುವ ಬುರುಲ್ ಎಂಬ ನಾನು, ತಾವು, ತಮ್ಮ ಮನೆಯವರು, ತಮ್ಮ ಕುರಿ ಕುದುರೆಗಳು ಮತ್ತು ತಮ್ಮ ಮೊಹರಿನ ಶಾಯಿ ಎಲ್ಲವೂ ಕ್ಷೇಮವೆಂದು ನಂಬಿ ಈ ಪತ್ರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಮೊದಲಿಗೆ ಮೆಟ್ಟಿಲಿಗಾಗಿ ಅಭಿನಂದನೆಗಳು. ಹಿಡಿದು ಇಳಿಯಬೇಕಾದ ಅದರ ಕಟಾಂಜನ ಗೋಡೆಯ ಕಡೆಗಿದೆ, ಅಂಗಳದ ಕಡೆ ಬರೀ ಗಾಳಿಯಿದೆ. ಮಹಡಿಯ ಬಾಗಿಲು ಒಂದು ಗೇಣು ತೆರೆದುಕೊಂಡು ಕಟಾಂಜನಕ್ಕೆ ತಾಗಿ ನಿಲ್ಲುತ್ತದೆ. ಬೆಂಕಿ ಬಿದ್ದ ದಿನ ಮಕ್ಕಳು ಗೋಡೆಯ ಮೇಲೆ ಬಿದ್ದು ನೋವು ಮಾಡಿಕೊಳ್ಳದಂತೆ ಇಷ್ಟು ಮುತುವರ್ಜಿ ವಹಿಸಿದ ಇನ್ನೊಬ್ಬ ಅಧಿಕಾರಿಯನ್ನು ನಾನು ಕಂಡಿಲ್ಲ.

ಇದು ಹೇಗಾಯಿತೆಂಬುದು ಆರನೇ ಪಾಠದ ವಿಷಯ. ವಸ್ತುವನ್ನು ಎಡಗಡೆಯಿಂದ ನೋಡಿದಾಗ ಕಾಣುವುದನ್ನು ನಾವು ಮುಂಭಾಗದ ಚಿತ್ರದ ಬಲಕ್ಕೆ ಬರೆಯುತ್ತೇವೆ. ಅಮೆರಿಕದವರು ಬಲಗಡೆಯಿಂದ ಕಂಡದ್ದನ್ನೇ ಬಲಕ್ಕೆ ಬರೆಯುತ್ತಾರೆ. ಯಾರ ಪದ್ಧತಿಯೆಂದು ತಿಳಿಯಲು ಹಾಳೆಯ ಮೂಲೆಯಲ್ಲಿ, ತುದಿ ಕತ್ತರಿಸಿದ ಪುಟ್ಟ ಶಂಕುವಿನ ಗುರುತಿರುತ್ತದೆ. ತಾವು ಅಂತರ್ಜಾಲದಿಂದ ಇಳಿಸಿಕೊಂಡ ಅಮೆರಿಕದ ನಕ್ಷೆಯಲ್ಲೂ ಅದಿತ್ತು. ಮೇಜಿನಷ್ಟು ಅಗಲದ ಹಾಳೆಯಲ್ಲಿ ಖಾಲಿ ಜಾಗ ಬೇಕಾದಷ್ಟಿದ್ದರೂ ತಾವು ಆ ಗುರುತನ್ನೇ ಹುಡುಕಿಕೊಂಡು ಹೋದಂತೆ ಮೊಹರನ್ನು ಅದರ ಮೇಲೆಯೇ ಒತ್ತಿದಿರಿ. ಶಂಕು ಕಾಣದಾಯಿತು, ಅಮೆರಿಕದ ಹಾಳೆಯನ್ನು ನಮ್ಮ ಪದ್ಧತಿಯಲ್ಲಿ ಓದಿದ್ದಾಯಿತು, ಎಡ ಬಲವಾಯಿತು, ಹೊರಗಿರಬೇಕಾದ ಕಟಾಂಜನ ಒಳಗೆ ಬಂತು.

ಮೆಟ್ಟಿಲನ್ನು ಬೆಸೆದ ಎರ್ಮೆಕ್ ನನ್ನ ಹಳೆಯ ವಿದ್ಯಾರ್ಥಿ. ಕೇಳಿದರೆ, "ಅನುಮಾನ ಬಂದಿತ್ತು ಅಕ್ಕ. ಆದ್ರೆ ಮೊಹರು ಬಿದ್ದ ಹಾಳೆ ಹಿಡ್ಕೊಂಡು ಹೋಗಿ, ಇದು ಸರಿನಾ ಅಂತ ಯಾವನ್ ಕೇಳ್ತಾನೆ? ನೀವ್ ಕಲಿಸಿದ್ ಹಾಗೇ ಓದ್ಕೊಂಡೆ" ಎಂದ. ತಾವಂತೂ ಅಂಗಳದಲ್ಲಿ ಎಲ್ಲರೆದುರು, "ನಿಮ್ ಶಿಷ್ಯನೇ ಅಲ್ವಾ ಬುರುಲಕ್ಕ? ಇದನ್ನೇನಾ ಇಷ್ಟ್ ವರ್ಷ ಕಲ್ಸಿದ್ದು?" ಎಂದು ನಕ್ಕಿರಿ.

ಈಗ ಆದೇಶ: ಸೋಮವಾರದಿಂದ ನಕ್ಷೆಯ ತರಗತಿ ರದ್ದು, ಅಲ್ಲಿ ಹಾಳೆಯಿಟ್ಟು ನಕ್ಷೆ ಬರೆಯುವ ಹದಿನಾಲ್ಕು ಹಲಗೆಗಳನ್ನು ಮೆಟ್ಟಿಲಿನ ತೆರೆದ ಬದಿಗೆ ಮೊಳೆ ಹೊಡೆದು ಬೇಲಿ ಮಾಡತಕ್ಕದ್ದು. ಬಾಗಿಲು ಒಂದು ಗೇಣೇ ತೆರೆಯುವ ಬಗ್ಗೆ ಆದೇಶ ಮೌನವಾಗಿದೆ. ಕೊನೆಯ ವರ್ಷದ ವಿದ್ಯಾರ್ಥಿನಿ ಕಲಿಪಾ ಬರುವ ಬೇಸಿಗೆಯಲ್ಲಿ ಸೇತುವೆ ಕಟ್ಟುವ ವಿದ್ಯೆಗೆ ಪ್ರವೇಶ ಪರೀಕ್ಷೆ ಬರೆಯಬೇಕು. ಅದರಲ್ಲಿ ಅರ್ಧ ಅಂಕ ನಕ್ಷೆಗೆ, ಅವಳ ಮನೆಯಲ್ಲಿ ಹಲಗೆಯಿಲ್ಲ. ಆದೇಶವನ್ನು ಎರಡು ಸಲ ಓದಿ ಆ ಹುಡುಗಿ, "ಪರ್ವಾಗಿಲ್ಲ ಅಕ್ಕ, ನಾನು ಕಟ್ಟೋ ಸೇತುವೆ ನದಿಗೆ ಅಡ್ಡ ಬರ್ದೆ ಉದ್ದಕ್ಕೆ ಹೋದ್ರೆ ಇವರ ಮೊಹರು ಹಾಕಿಸ್ಕೊಂಡ್ರಾಯ್ತು" ಎಂದಳು. ಅವಳು ನಗಲಿಲ್ಲ.

ಆದ್ದರಿಂದ ಕೆಲವು ಅರಿಕೆಗಳಿವೆ. ಕಟಾಂಜನ ಇರುವಲ್ಲೇ ಇರಲಿ, ಶಾಲೆಯನ್ನು ಎತ್ತಿ ಅದರ ಆಚೆ ಬದಿಗೆ ಇಡಿಸಬೇಕು. ಅದು ಹಿಮ ಬೀಳುವ ಮುನ್ನ ಆಗದಿದ್ದರೆ, ಮಕ್ಕಳ ದಪ್ಪ ಒಂದು ಗೇಣು ಮೀರತಕ್ಕದ್ದಲ್ಲವೆಂದು ಸುತ್ತೋಲೆ ಹೊರಡಿಸಬೇಕು. ಮೇಲಿಂದ ಬಿದ್ದದ್ದು ಕೆಳಗೆ ತಲುಪಬಾರದೆಂದು ಭೂಮಿಗೂ ಒಂದು ಪ್ರತಿ ಕಳಿಸಿದರೆ ಒಳಿತು.

ಅಲ್ಲಿಯವರೆಗೆ ನಾನು ಇಷ್ಟು ನಿರ್ಧರಿಸಿದ್ದೇನೆ. ಹಲಗೆಗಳಿರುವ ಕೋಣೆಯ ಬೀಗದ ಕೈಯನ್ನು ಯಾರಿಗೂ ಕೊಡುವುದಿಲ್ಲ. ಸೋಮವಾರ ಮೊದಲ ಗಂಟೆಗೆ ಕಲಿಪಾ ಮತ್ತು ಉಳಿದ ಹದಿಮೂರು ಮಂದಿಯನ್ನು ಹಲಗೆಗಳ ಸಮೇತ ಅಂಗಳದಲ್ಲಿ ಕೂರಿಸಿ, ಮೆಟ್ಟಿಲು ಹೇಗಿರಬೇಕೋ ಹಾಗೆ ಮೂರು ನೋಟಗಳಲ್ಲಿ ಬರೆಸುತ್ತೇನೆ. ಎರ್ಮೆಕ್ ಆ ನಕ್ಷೆಗಾಗಿ ಕಾಯುತ್ತಿದ್ದಾನೆ.

ಮೂಲೆಯ ಗುರುತನ್ನು ಮೊದಲು ನೋಡುವ, ತಮ್ಮ ವಿಶ್ವಾಸಿ,
ಬುರುಲ್

ಮರೆತ ಮಾತು: ತಮ್ಮ ಮೊಹರಿನ ವ್ಯಾಸವನ್ನು ಅಳೆದುಕೊಂಡಿದ್ದೇವೆ, ನಾಲ್ಕು ಸೆಂಟಿಮೀಟರು. ಹೊಸ ಹಾಳೆಯಲ್ಲಿ ಯಾವ ಗೆರೆಗೂ ಬೇಡದ ಒಂದು ಜಾಗದಲ್ಲಿ ಕಲಿಪಾ ಅಷ್ಟೇ ಅಳತೆಯ ವೃತ್ತವನ್ನು ಕೈವಾರದಿಂದ ಬರೆದಿಡುತ್ತಾಳೆ. ತಾವು ಅದರೊಳಗೆ ಒತ್ತಿದರೆ ಸಾಕು. ಅಲ್ಲಿ ತಮ್ಮಿಂದ ಯಾರಿಗೂ ಅಪಾಯವಿಲ್ಲ.